ಕಂಪ್ರೆಸರ್ ಬದಲಿಸುವ ಮುಂಚೆ ಆ 'ಟಕ್' ಸದ್ದು ಕೇಳಿ

ಪ್ರಶ್ನೆ: ಅಪ್ಪಯ್ಯ ಕೊಂಡ 1994ರ ಕಾಂಟೆಸಾ ಕ್ಲಾಸಿಕ್ ಕಾರು ಈಗಲೂ ನಮ್ಮ ಮನೆಯಲ್ಲಿದೆ. ಶಿರಸಿ ಬಿಡುವಾಗ ಏಸಿ ಚೆನ್ನಾಗಿಯೇ ಇರುತ್ತದೆ. ದೇವಿಮನೆ ಘಾಟಿ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಬಿಸಿ ಗಾಳಿ. ಗಾಳಿಯ ರಭಸ ಮಾತ್ರ ಕಡಿಮೆ ಆಗೋದಿಲ್ಲ. ಒಂದು ತಾಸು ನಿಲ್ಲಿಸಿದರೆ ಮತ್ತೆ ತಂಪು. ಗ್ಯಾರೇಜಿನವರು ಕಂಪ್ರೆಸರ್ ಹೋಗಿದೆ, ಹೊಸದು ಹಾಕಿ ಅಂತಾರೆ. ಆಯಿಗೆ ಕರಾವಳಿಯ ಸೆಕೆ ತಡೆಯೋದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಈಗಲೇ ಕಂಪ್ರೆಸರ್ ಬಿಚ್ಚಿಸಬೇಡಿ. ಒಳಗಿನ ಪಿಸ್ಟನ್, ವಾಲ್ವ್ ಸವೆದಿದ್ದರೆ ಶಿರಸಿ ಬಿಡುವಾಗಲೂ ಸರಿಯಾಗಿ ತಂಪು ಬರುತ್ತಿರಲಿಲ್ಲ. ಒಂದು ತಾಸು ನಿಂತ ಮಾತ್ರಕ್ಕೆ ಅದು ರಿಪೇರಿಯಾಗೋದಿಲ್ಲ, ಅಲ್ವಾ? ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನುಮಾನ ಬಂದಿದ್ದು ಕಂಪ್ರೆಸರಿನ ಕ್ಲಚ್ ಮೇಲೆ (ಗೇರಿನ ಕ್ಲಚ್ ಅಲ್ಲ).

ಬಾನೆಟ್ ತೆಗೆದು ಕಂಪ್ರೆಸರ್ ಮುಂದೆ ನೋಡಿ. ಬೆಲ್ಟ್ ಹಾಕಿದ ಪುಲ್ಲಿ ಇಂಜಿನ್ ಓಡುವಾಗೆಲ್ಲ ತಿರುಗುತ್ತಲೇ ಇರುತ್ತದೆ. ಅದರ ಮುಂದಿನ ದುಂಡು ಪ್ಲೇಟ್ ಸುಮ್ನೆ ನಿಂತಿರುತ್ತದೆ. ಏಸಿ ಸ್ವಿಚ್ ಒತ್ತಿದಾಗ ಹಿಂದಿನ ಕಾಯಿಲ್ ಆಯಸ್ಕಾಂತವಾಗಿ ಆ ಪ್ಲೇಟನ್ನು ಎಳೆದುಕೊಳ್ಳುತ್ತದೆ. 'ಟಕ್' ಅನ್ನುವ ಸದ್ದು ಅದೇ. ಕಂಪ್ರೆಸರ್ ಕೆಲಸ ಶುರುವಾಗುವುದು ಅಲ್ಲಿಂದ.

ಮೂವತ್ತು ವರ್ಷದಲ್ಲಿ ಆ ಪ್ಲೇಟ್ ಸವೆದಿರುತ್ತದೆ. ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ದೊಡ್ಡದಾಗಿರುತ್ತದೆ. ಕಾಯಿಲ್ ತಣ್ಣಗಿರುವಾಗ ಹೇಗೋ ಎಳೆಯುತ್ತದೆ. ಬಿಸಿಯಾದಂತೆ ತಾಮ್ರದ ತಂತಿಯ ರೆಸಿಸ್ಟೆನ್ಸ್ ಏರಿ ಕರೆಂಟ್ ಕಡಿಮೆಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ತಂಪು ಸಾಕಾದಾಗ ಥರ್ಮೋಸ್ಟಾಟ್ ಒಮ್ಮೆ ಬಿಟ್ಟ ಪ್ಲೇಟನ್ನು ಮತ್ತೆ ಎಳೆದುಕೊಳ್ಳುವ ಶಕ್ತಿ ಅದಕ್ಕೆ ಇರೋದಿಲ್ಲ. ಶಿರಸಿಯ ತಂಪಿನಲ್ಲಿ ನಡೆದದ್ದು ಕುಮಟಾದ ಸೆಕೆಯಲ್ಲಿ ನಡೆಯದೇ ಇರುವುದು ಇದಕ್ಕೇ ಇರಬಹುದು.

ಪರೀಕ್ಷೆ ಮಾಡಬೇಕಾದ್ದು ತಂಪು ನಿಂತ ಆ ಹೊತ್ತಿನಲ್ಲೇ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಗಾಡಿ ತಣ್ಣಗಾದರೆ ಏನೂ ಗೊತ್ತಾಗೋದಿಲ್ಲ. ರಸ್ತೆ ಬದಿಗೆ ಹಾಕಿ, ಇಂಜಿನ್ ಮತ್ತು ಏಸಿ ಆನ್ ಇರಲಿ. ಕೈ, ಶಾಲು, ಶರ್ಟಿನ ತುದಿ ಬೆಲ್ಟಿನ ಹತ್ತಿರ ಹೋಗಬಾರದು. ಪ್ಲೇಟ್ ನಿಂತಿದೆಯಾ? ಹಾಗಾದರೆ ಮಲ್ಟಿಮೀಟರಿನ ಒಂದು ಕಡ್ಡಿ ಕ್ಲಚ್ ವಯರಿಗೆ, ಇನ್ನೊಂದು ಕಂಪ್ರೆಸರಿನ ಮೈಗೆ. ಬ್ಯಾಟರಿಯಷ್ಟೇ ವೋಲ್ಟೇಜ್ ಬಂದರೆ ವಯರಿಂಗ್ ಸರಿ, ತಪ್ಪು ಸಂದಿನದ್ದು ಅಥವಾ ಕಾಯಿಲಿನದ್ದು. ಹನ್ನೊಂದು ವೋಲ್ಟಿಗಿಂತ ಕೆಳಗಿದ್ದರೆ ರಿಲೇ (ಕರೆಂಟ್ ಆನ್-ಆಫ್ ಮಾಡುವ ಚಿಕ್ಕ ಡಬ್ಬಿ), ವಯರಿನ ಜೋಡಣೆ ನೋಡಿ. ಕಂಪ್ರೆಸರ್ ಮೈಯಿಂದ ಬ್ಯಾಟರಿಯ ಮೈನಸ್ಸಿಗೂ ಒಮ್ಮೆ ಅಳೆಯಿರಿ, ಅಲ್ಲಿ ವೋಲ್ಟೇಜ್ ಕಂಡರೆ ಅರ್ತಿಂಗ್ ಕೆಟ್ಟಿದೆ. ಕ್ಲಚ್ ವಯರಿಗೆ ವೋಲ್ಟೇಜ್ ಏನೂ ಬಾರದಿದ್ದರೆ ಫ್ಯೂಸ್, ಥರ್ಮೋಸ್ಟಾಟ್, ಪ್ರೆಶರ್ ಸ್ವಿಚ್ ನೋಡಿ. ಗ್ಯಾಸ್ ಕಡಿಮೆಯಾದರೂ ಆ ಸ್ವಿಚ್ ಕ್ಲಚ್ಚಿಗೆ ಕರೆಂಟ್ ಬಿಡೋದಿಲ್ಲ.

ಇನ್ನು ಸಂದು. ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ಮೂರು ಕಡೆ ಅಳೆಯಿರಿ. ಇಂಥ ಕಂಪ್ರೆಸರುಗಳಲ್ಲಿ ಸಾಮಾನ್ಯವಾಗಿ 0.4ರಿಂದ 0.8 ಮಿಲಿಮೀಟರ್ ಇರಬೇಕು. 1 ದಾಟಿದ್ದರೆ ಕಳ್ಳ ಸಿಕ್ಕಿದ ಹಾಗೆ. ನಡುವಿನ ನಟ್ ಬಿಚ್ಚಿ ಪ್ಲೇಟ್ ಹೊರತೆಗೆದರೆ ಶಾಫ್ಟಿನ ಮೇಲೆ ಉಗುರಿನಷ್ಟು ತೆಳ್ಳಗಿನ ವಾಶರ್ ಇರುತ್ತದೆ. ಅದಕ್ಕೆ ಶಿಮ್ ಅಂತಾರೆ. ಒಂದು ತೆಗೆದರೆ ಸಂದು ಅಷ್ಟು ಕಡಿಮೆಯಾಗುತ್ತದೆ. ಗ್ಯಾಸ್ ಬಿಡಬೇಕಾಗಿಲ್ಲ, ಪೈಪ್ ಮುಟ್ಟಬೇಕಾಗಿಲ್ಲ. ಪ್ಲೇಟಿನ ಮುಖ ನೀಲಿಯಾಗಿ ಸುಟ್ಟಿದ್ದರೆ ಮಾತ್ರ ಕ್ಲಚ್ ಸೆಟ್ಟನ್ನೇ ಬದಲಿಸಿ.

ಹೊಸ ಕಂಪ್ರೆಸರ್ ಹಾಕಿದ ಮೇಲೂ ಇದೇ ದೂರು ಹೊತ್ತು ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಕಂಪ್ರೆಸರ್ ಕೂರಿಸುವ ಬ್ರಾಕೆಟ್ಟಿನ ಬೋಲ್ಟಿನ ಕೆಳಗೆ ಕೆಂಪು ಜಂಗು ಪುಡಿಪುಡಿಯಾಗಿತ್ತು, ಅರ್ತಿಂಗ್ ಕೆಟ್ಟಿದ್ದು ಅದಕ್ಕೇ. ಉಪ್ಪು ಕಾಗದ ಹಾಕಿ ಉಜ್ಜಿ ಬಿಗಿಮಾಡಿದೆ, ಅಷ್ಟೇ. ಆ ಮನೆಯವರ ಮುಖ ನೋಡಿ ಹೊಟ್ಟೆ ಉರಿಯಿತು. ಸುಮ್ನೆ ಅಷ್ಟು ದುಡ್ಡು ಹಾಕಿದ್ದರು.

ಪ್ಲೇಟ್ ತಿರುಗುತ್ತಿದ್ದೂ ಬಿಸಿ ಗಾಳಿ ಬಂದರೆ ಕತೆ ಬೇರೆ. ಪೈಪಿನೊಳಗೆ ನೀರಿನ ಪಸೆ ಸೇರಿ, ಗ್ಯಾಸ್ ಹಾಯುವ ಸಣ್ಣ ಕಂಡಿಯಾದ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಮಂಜುಗಟ್ಟುತ್ತಿರಬಹುದು. ಆಗ ಪಸೆ ಹೀರುವ ಡ್ರೈಯರ್ ಬದಲಿಸಿ, ಮುಕ್ಕಾಲು ತಾಸು ವ್ಯಾಕ್ಯೂಮ್ ಎಳೆಸಿ ಗ್ಯಾಸ್ ತುಂಬಿಸಬೇಕು. ಗಾಳಿಯೇ ಕಡಿಮೆಯಾದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು. ನಿಮ್ಮಲ್ಲಿ ಹಾಗಾಗುತ್ತಿಲ್ಲ. ಸಂದು ಎಷ್ಟು ಬಂತು ಅಂತ ಖಂಡಿತ ಬರೆಯಿರಿ.

ಪ್ರಶ್ನೆ: ನನ್ನದು ಹಳೆಯ ಕಾರು, ಪ್ರೀಮಿಯರ್ 118 ಎನ್‌ಇ. ಮನೆ ಸಮುದ್ರದ ಪಕ್ಕದಲ್ಲೇ. ಪ್ರತಿ ಮಾರ್ಚಿಗೆ ಗ್ಯಾಸ್ ತುಂಬಿಸುತ್ತೇನೆ, ಮೇ ತಿಂಗಳಿಗೆ ಖಾಲಿ. ಕಂಪ್ರೆಸರ್ ದೋಷವೇ? ಹಳೇ ಗ್ಯಾಸ್ ಸಿಗೋದಿಲ್ಲ, ಬೇರೆ ಹಾಕಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಎರಡು ತಿಂಗಳಲ್ಲಿ ಖಾಲಿಯಾದರೆ ಎಲ್ಲೋ ಸೋರುತ್ತಿದೆ. ನಿಮ್ಮೂರಿನ ಉಪ್ಪುಗಾಳಿ ಮೊದಲು ತಿನ್ನುವುದು ಮುಂದಿನ ಕಂಡೆನ್ಸರನ್ನು, ಅಂದರೆ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿಯನ್ನು. ಟಾರ್ಚ್ ಹಿಡಿದು ನೋಡಿ. ಗ್ಯಾಸಿನ ಜೊತೆ ಎಣ್ಣೆಯೂ ಬರುವುದರಿಂದ ಸೋರುವ ಜಾಗದಲ್ಲಿ ಧೂಳು ಕಪ್ಪಗೆ ಅಂಟಿರುತ್ತದೆ. ಕಂಪ್ರೆಸರಿನ ಶಾಫ್ಟ್ ಸೀಲ್ ಸೋರಿದರೆ ಕ್ಲಚ್ಚಿನ ಸುತ್ತ, ಬಾನೆಟ್ಟಿನ ಒಳಮೈಗೆ ಎಣ್ಣೆಯ ಗೆರೆ ಎರಚಿರುತ್ತದೆ. ಸಿಗದಿದ್ದರೆ ನೈಟ್ರೋಜನ್ ತುಂಬಿಸಿ ಸೋಪಿನ ನೊರೆ ಹಚ್ಚಿಸಿ.

ನಿಮ್ಮ ಗಾಡಿಯ ಕಾಲದಲ್ಲಿ ಹಾಕುತ್ತಿದ್ದದ್ದು ಆರ್12 ಅನ್ನುವ ಗ್ಯಾಸ್. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಹಂತಹಂತವಾಗಿ ನಿಲ್ಲಿಸಿದರು. ಈಗ ಅದರ ಬದಲಿಗೆ ಬಂದ ಆರ್134ಎ ಗ್ಯಾಸ್ ಹಾಕಿಸಿ, ಆದರೆ ಹಳೆಯದರ ಮೇಲೆ ಹಾಗೇ ತುಂಬಿಸಬೇಡಿ. ಹಳೇ ಮಿನರಲ್ ಎಣ್ಣೆ ಈ ಗ್ಯಾಸಿನ ಜೊತೆ ಬೆರೆಯೋದಿಲ್ಲ. ಎಣ್ಣೆ ತಿರುಗಿ ಬಾರದೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಹಳೇ ಎಣ್ಣೆ ತೆಗೆಸಿ ಎಸ್ಟರ್ ಎಣ್ಣೆ ಹಾಕಿಸಿ. ಡ್ರೈಯರ್, ಪೈಪಿನ ಜೋಡಣೆಯ ರಬ್ಬರ್ ಓ-ರಿಂಗ್ ಹೊಸದು ಬೇಕು. ಗ್ಯಾಸಿನ ತೂಕ ಮೊದಲಿನದಕ್ಕಿಂತ ಶೇಕಡಾ 10ರಿಂದ 20 ಕಡಿಮೆ ಸಾಕು. ಅಗ್ಗ ಅಂತ ಅಡುಗೆ ಗ್ಯಾಸಿನ ಜಾತಿಯದನ್ನು ತುಂಬಲು ಬಂದರೆ ಖಡಾಖಂಡಿತ ಬೇಡ ಅನ್ನಿ. ಅದು ಗಾಡಿಯೊಳಗೆ ಸೋರಿದರೆ ಒಂದು ಕಿಡಿ ಸಾಕು.

ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ, ಶಾಫ್ಟ್ ಸೀಲಿಗೆ ಎಣ್ಣೆ ಮುಟ್ಟುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಇಂಜಿನ್ ತಣ್ಣಗಾದ ಮೇಲೆ, ಕಂಡೆನ್ಸರಿಗೆ ಬಾವಿಯ ಸಿಹಿನೀರು ನಿಧಾನವಾಗಿ ಹಾಯಿಸಿ. ಪ್ರೆಶರ್ ಪಂಪ್ ಬೇಡ, ಫಿನ್ನುಗಳು ಮಡಚಿಕೊಳ್ಳುತ್ತವೆ.