ಥ್ರಾಟಲ್ ಸ್ಟಾಪ್ ಟೈಮರ್ ಎಷ್ಟು ಬದಲಿಸಿದರೂ ಓಟದ ಸಮಯ ಏಕೆ ಒಂದೇ ಬರುತ್ತಿಲ್ಲ?

ಮೊದಲು ಟೈಮರ್‌ನಿಂದ ಕೈ ತೆಗೆಯಿರಿ. ಥ್ರಾಟಲ್ ಸ್ಟಾಪ್ ಎಂದರೆ ಡ್ರ್ಯಾಗ್ ರೇಸಿನಲ್ಲಿ, ಅಂದರೆ ನೇರ ಟ್ರ್ಯಾಕಿನ ಓಟದಲ್ಲಿ, ಕಾರು ಗೊತ್ತುಪಡಿಸಿದ ಸಮಯಕ್ಕೇ ಗುರಿ ಮುಟ್ಟಲೆಂದು ಸ್ವಲ್ಪ ಹೊತ್ತು ಬ್ಲೇಡ್ ಮುಚ್ಚಿ ಎಂಜಿನ್ನಿಗೆ ಹೋಗುವ ಗಾಳಿ ತಗ್ಗಿಸುವ ಸಾಧನ; ಎಷ್ಟು ಹೊತ್ತು ಎಂಬುದನ್ನು ಟೈಮರ್ ನಿರ್ಧರಿಸುತ್ತದೆ. ಐದು ಓಟಕ್ಕೆ ಐದು ಸಲ ಬದಲಿಸಿದೆ, ಸಮಯ 0.2 ಸೆಕೆಂಡ್ ಹಿಂದೆ ಮುಂದೆ ಆಗುತ್ತಿದೆ ಎಂದಿದ್ದೀರಿ. ಹೀಗಾದರೆ ತಪ್ಪು ಕಾರಿನದೋ ನಿಮ್ಮ ಕೈಯದೋ ತಿಳಿಯುವುದೇ ಇಲ್ಲ. ಏನನ್ನೂ ಮುಟ್ಟದೆ ಮೂರು ಓಟ ಓಡಿಸಿ. ಸ್ಟಾಪ್ ಮುಚ್ಚುವ ಮೊದಲೇ, ಆರಂಭದ 60 ಅಡಿಯಲ್ಲೇ ಸಮಯ ಏರುಪೇರಾಗುತ್ತಿದ್ದರೆ ಟೈರಿನ ಗಾಳಿ, ಹೊರಡುವಾಗಿನ ಆರ್‌ಪಿಎಂ, ಎಂಜಿನ್ ಮತ್ತು ಗೇರ್ ಆಯಿಲ್ ಬಿಸಿ ಇವುಗಳನ್ನು ನೋಡಿ.

60 ಅಡಿ ಸರಿಯಿದ್ದರೆ ಬ್ಲೇಡ್ ನೋಡಿ. ಕೋಲಾರದ ನನ್ನ ಗ್ಯಾರೇಜಿನಲ್ಲಿರುವ ಕಾರಿಗೆ ಕಾರ್ಬುರೇಟರ್ ಕೆಳಗೆ ಕೂರುವ, ಇಂಗಾಲದ ಡೈಆಕ್ಸೈಡ್ ಒತ್ತಡದಿಂದ ಮುಚ್ಚುವ ಸ್ಟಾಪ್ ಇದೆ. ಬಿಸಿಲೇರಿದಂತೆ ಗಾಳಿ ತೆಳುವಾಗಿ ಕಾರು ನಿಧಾನವಾಗಬೇಕಲ್ಲವೇ? ನನ್ನದು ಓಟದಿಂದ ಓಟಕ್ಕೆ ವೇಗವಾಗುತ್ತಿತ್ತು. ಒಂದು ಸಂಜೆ ಎಂಜಿನ್ ಆರಿಸಿ, ಸ್ವಿಚ್ ಒತ್ತಿ ಕಿವಿಗೊಟ್ಟೆ. ಟಕ್ ಎನ್ನಬೇಕಾದ ಬ್ಲೇಡ್ ತಡವಾಗಿ, ಎಳೆದುಕೊಂಡು ಮುಚ್ಚುತ್ತಿತ್ತು. ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಬಾಟಲಿ ಖಾಲಿಯಾಗುತ್ತಾ ಬಂದಂತೆ ಬ್ಲೇಡ್ ನಿಧಾನವಾಗಿ, ಎಂಜಿನ್ ಹೆಚ್ಚು ಹೊತ್ತು ಪೂರ್ತಿ ಉಸಿರಾಡುತ್ತಿತ್ತು. ಆ ಜೋಡಣೆ ಬಿಗಿ ಮಾಡಿ ಬಾಟಲಿ ತುಂಬಿಸಿದ ಮೇಲೆ ಮೂರು ಓಟಗಳು 0.02 ಸೆಕೆಂಡಿನೊಳಗೆ ಬಂದವು. ಆ ದಿನದ ಸಂತೋಷ ಇಂದಿಗೂ ಮಾಸಿಲ್ಲ.

ಇದಾದ ಮೇಲೆಯೇ ಟೈಮರ್. ಅದಕ್ಕೆ 0.20 ಸೆಕೆಂಡ್ ಸೇರಿಸಿ ಓಡಿಸಿ, ಒಟ್ಟು ಸಮಯ ಎಷ್ಟು ಏರಿತೆಂದು ಬರೆದಿಡಿ. ನನ್ನ ಕಾರಿನಲ್ಲಿ ಸುಮಾರು 0.11 ಏರುತ್ತದೆ. ಈ ಲೆಕ್ಕ ಒಂದೊಂದು ಕಾರಿಗೆ ಒಂದೊಂದು ಬಗೆ. ಬ್ಲೇಡ್ ಎಷ್ಟು ಮುಚ್ಚುತ್ತದೆ ಎಂಬುದನ್ನು ಬದಲಿಸಿದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಬೇಕು. ಅಮೆರಿಕದ ಡ್ರ್ಯಾಗ್ ರೇಸಿನ ಸೂಪರ್ ಗ್ಯಾಸ್ ವರ್ಗದಲ್ಲಿ ಗೊತ್ತುಪಡಿಸಿದ ಸಮಯವಾದ 9.90 ಸೆಕೆಂಡಿಗಿಂತ ಬೇಗ ಓಡಿದರೂ ಸೋಲಬಹುದು. ಅಲ್ಲಿನವರು ಟೈಮರನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ತಿರುಗಿಸುವುದು ಅದಕ್ಕೇ.

ನಮ್ಮ ಭಾಗದವರು ಮರೆಯಬಾರದ ಸಂಗತಿ ಎತ್ತರ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲಿದೆ. ಇಲ್ಲಿನ ವಾಯು ಒತ್ತಡ ಕರಾವಳಿಗಿಂತ ಸುಮಾರು ಶೇ 9ರಷ್ಟು ಕಡಿಮೆ. ಮುಳಬಾಗಿಲು ದಾಟಿ ಘಟ್ಟ ಇಳಿದು ಶ್ರೀಪೆರುಂಬುದೂರಿನ ಟ್ರ್ಯಾಕಿಗೆ ಹೋದರೆ ಅದೇ ಕಾರು ಸಾಮಾನ್ಯವಾಗಿ ಬೇಗ ಓಡುತ್ತದೆ, ಸ್ಟಾಪ್ ಸಮಯ ಹೆಚ್ಚಿಸಬೇಕಾಗುತ್ತದೆ. ಅಲ್ಲಿನ ಸೆಕೆ, ತೇವ ಆ ಲಾಭದಲ್ಲಿ ಒಂದು ಪಾಲು ಕಿತ್ತುಕೊಳ್ಳುತ್ತವೆ. ಆದ್ದರಿಂದ ಪ್ರತಿ ಓಟದ ಮುಂದೆ ಉಷ್ಣಾಂಶ, ತೇವಾಂಶ, ಒತ್ತಡ ಮೂರನ್ನೂ ಬರೆಯಿರಿ.

ದಯವಿಟ್ಟು ಇದನ್ನೆಲ್ಲ ಹೆದ್ದಾರಿಯಲ್ಲಿ ಪರೀಕ್ಷಿಸಬೇಡಿ. ಟ್ರ್ಯಾಕಿನಲ್ಲಿ ಓಡಿಸಿದ ಮೂರು ಓಟಗಳ 60 ಅಡಿ ಸಮಯವನ್ನು ಇಲ್ಲಿ ಬರೆದರೆ ಕೂತು ನೋಡಿ ಹೇಳುತ್ತೇನೆ.