ಬೇಸ್ ಕೇಳುವವನ ಎಂಬತ್ತರ ದಶಕ

ಎಂಬತ್ತರ ದಶಕದ ರಾಕ್ ಮತ್ತು ಮೆಟಲ್ ಆಲ್ಬಂಗಳಲ್ಲಿ ಮೆಚ್ಚಿನ ಐದನ್ನು ಕ್ರಮವಾಗಿ ಹೇಳಿ, ಕಾರಣವನ್ನೂ ಕೊಡಿ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಕೇಳಿದ್ದರೆ ನನ್ನ ಪಟ್ಟಿ ಬೇರೆಯೇ ಆಗಿರುತ್ತಿತ್ತು. ಆಗ ನನ್ನ ಬಳಿ ಇದ್ದುದು ಅಂಗೈಯಗಲದ ಎರಡು ಸ್ಪೀಕರ್‌ಗಳು. ಅವುಗಳಿಂದ ಮಂದ್ರಸ್ವರ ಹೊರಬೀಳುತ್ತಲೇ ಇರಲಿಲ್ಲ. ಒಳ್ಳೆಯ ಹೆಡ್‌ಫೋನ್ ಕೊಂಡ ದಿನ ಮೆಟಾಲಿಕಾದ ‘ಓರಿಯನ್’ ಹಾಕಿದೆ. ಅಷ್ಟು ಕಾಲ ಗಿಟಾರ್ ಎಂದೇ ನಂಬಿದ್ದ ಭಾಗಗಳು ಮಂದ್ರಸ್ವರ ನುಡಿಸುವ ಬೇಸ್ ಗಿಟಾರಿನವು ಎಂದು ತಿಳಿದು ಪೆಚ್ಚಾದೆ. ಅಂದಿನಿಂದ ಯಾವ ಆಲ್ಬಂ ಸಿಕ್ಕರೂ ಮೊದಲು ಬೇಸ್ ಎಲ್ಲಿದೆ ಎಂದು ಹುಡುಕುತ್ತೇನೆ. ಇದು ನ್ಯಾಯವಾದ ಅಳತೆಗೋಲಲ್ಲ, ಒಪ್ಪುತ್ತೇನೆ.

ಹಾಗಾಗಿ ಮೊದಲ ಸ್ಥಾನ ಆ ಹಾಡಿರುವ ‘ಮಾಸ್ಟರ್ ಆಫ್ ಪಪೆಟ್ಸ್’ಗೆ (1986). ‘ಓರಿಯನ್’ಗೆ ಸಾಹಿತ್ಯವಿಲ್ಲ, ಎಂಟು ನಿಮಿಷ ಮೀರಿದ ಬರೀ ವಾದ್ಯಸಂಗೀತ. ಆರಂಭದಲ್ಲಿ ದೂರದಿಂದ ತೇಲಿ ಬರುವುದು ಕ್ಲಿಫ್ ಬರ್ಟನ್ ಅವರ ಬೇಸ್. ನಡುವೆ ಗದ್ದಲವೆಲ್ಲ ಅಡಗಿ, ಬೇಸ್ ಒಂದೇ ನಿಧಾನವಾಗಿ ಒಂದು ರಾಗದೆಳೆ ಹಿಡಿಯುತ್ತದೆ. ಗಿಟಾರ್‌ಗಳು ಆಮೇಲೆ ಮೆಲ್ಲನೆ ಬಂದು ಅದರ ಜೊತೆಗೂಡುತ್ತವೆ. ಮೆಟಲ್‌ನಲ್ಲಿ ಸಾಮಾನ್ಯವಾಗಿ ಬೇಸ್ ಎಂದರೆ ಗಿಟಾರಿನ ನೆರಳು. ಇಲ್ಲಿ ದಾರಿ ತೋರಿಸುವುದು ನೆರಳೇ. ಆಲ್ಬಂ ಬಂದದ್ದು ಮಾರ್ಚ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ತಂಡದ ಬಸ್ ಉರುಳಿ ಬರ್ಟನ್ ತೀರಿಕೊಂಡರು. ಅವರಿಗಾಗ 24 ವರ್ಷ. ಆ ನಡುಭಾಗವನ್ನು ಇದನ್ನು ಮರೆತು ಕೇಳುವುದು ನನ್ನಿಂದ ಆಗಿಲ್ಲ.

ಎರಡನೆಯದು ರಷ್ ತಂಡದ ‘ಮೂವಿಂಗ್ ಪಿಕ್ಚರ್ಸ್’ (1981). ಇದು ಮೆಟಲ್ ಅಲ್ಲ ಎಂದು ತಕರಾರು ತೆಗೆಯುವವರು ಪ್ರಶ್ನೆಯಲ್ಲಿ ರಾಕ್ ಎಂಬ ಪದವೂ ಇದೆ ಎಂಬುದನ್ನು ಗಮನಿಸಬೇಕು. ಆಗ ತಂಡದಲ್ಲಿದ್ದುದು ಮೂವರೇ. ಗೆಡ್ಡಿ ಲೀ ಹಾಡುತ್ತಿದ್ದರು, ಬೇಸ್ ನುಡಿಸುತ್ತಿದ್ದರು, ಕೀಬೋರ್ಡ್ ನೋಡಿಕೊಳ್ಳುತ್ತಿದ್ದರು, ಸಾಲದ್ದಕ್ಕೆ ಕಾಲಿನಿಂದ ಪೆಡಲ್‌ಗಳನ್ನೂ ಒತ್ತುತ್ತಿದ್ದರು. ಇದರಲ್ಲಿನ ಒಂದು ಹಾಡಿನ ಹೆಸರು ‘ವೈ ವೈ ಝಡ್’; ಅದು ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರ. ಆ ಮೂರು ಅಕ್ಷರಗಳ ಮೋರ್ಸ್ ಸಂಕೇತವೇ, ಚುಕ್ಕೆ ಗೆರೆಗಳ ಸಮೇತ, ಹಾಡಿನ ಆರಂಭದ ಲಯವಾಗಿದೆ. ಮುಂದೆ ಬೇಸ್ ಮತ್ತು ಡ್ರಮ್ ಮಾತಿಗೆ ಮಾತು ಕೊಡುವ ಜಾಗವಿದೆ. ಅಲ್ಲಿ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಕೂರುತ್ತೇನೆ. ‘ದ ಕ್ಯಾಮೆರಾ ಐ’ ಹಾಡು ಸ್ವಲ್ಪ ಎಳೆದಂತಾಯಿತು ಎಂಬ ಒಂದೇ ಕಾರಣಕ್ಕೆ ಇದು ಎರಡನೆಯದಾಯಿತು.

ಮೂರು, ಐರನ್ ಮೇಡನ್‌ನ ‘ಪವರ್‌ಸ್ಲೇವ್’ (1984). ನಾಲ್ಕು, ಬ್ಲ್ಯಾಕ್ ಸಬ್ಬತ್‌ನ ‘ಹೆವನ್ ಆ್ಯಂಡ್ ಹೆಲ್’ (1980). ಇವೆರಡೂ ವಾರಕ್ಕೊಮ್ಮೆ ಜಾಗ ಬದಲಿಸಿಕೊಳ್ಳುತ್ತವೆ. ಮೇಡನ್‌ನ ಸ್ಟೀವ್ ಹ್ಯಾರಿಸ್ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಮುಟ್ಟದೆ ಬೆರಳಿನಲ್ಲೇ ಕುದುರೆಯ ನಾಗಾಲೋಟ ನುಡಿಸುತ್ತಾರೆ. ಆದರೆ ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆ ಹೇಳುವ ಹದಿಮೂರು ನಿಮಿಷಕ್ಕೂ ಮೀರಿದ ಕೊನೆಯ ಹಾಡಿನಲ್ಲಿ, ಹಡಗಿನ ಮರ ಕಿರುಗುಟ್ಟುವ ಭಾಗ ಬಂದಾಗ ಆ ಓಟವೆಲ್ಲ ನಿಂತು ಬೇಸ್ ಮಾತ್ರ ಉಸಿರಾಡುತ್ತದೆ. ಸಬ್ಬತ್‌ನದು ಬೇರೆ ಬಗೆ. ಗಾಯಕ ಆಝಿ ಆಸ್ಬರ್ನ್ ಹೋಗಿ ಅವರ ಜಾಗಕ್ಕೆ ರಾನಿ ಜೇಮ್ಸ್ ಡಿಯೋ ಬಂದ ಮೊದಲ ಆಲ್ಬಂ ಅದು. ಶೀರ್ಷಿಕೆಯ ಹಾಡಿನಲ್ಲಿ ಡಿಯೋ ಹಾಡುವಾಗ ಗಿಟಾರ್ ಹಿಂದೆ ಸರಿದು, ಗೀಝರ್ ಬಟ್ಲರ್ ಅವರ ಬೇಸ್ ಒಂದೇ ಸಮನೆ ಮಿಡಿಯುತ್ತದೆ. ಎರಡೂ ಆಲ್ಬಂಗಳ ನಿರ್ಮಾಪಕರು ಮಾರ್ಟಿನ್ ಬರ್ಚ್. ಬೇಸ್ ಇಷ್ಟು ಸ್ಪಷ್ಟವಾಗಿ ಕೇಳಿಸುವುದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ಐದನೆಯದು ಮೋಟರ್‌ಹೆಡ್‌ನ ‘ಏಸ್ ಆಫ್ ಸ್ಪೇಡ್ಸ್’ (1980). ಅದರ ಗಾಯಕ, ಬೇಸ್ ವಾದಕ ಲೆಮ್ಮಿ ಬೇಸನ್ನು ಬೇಸಿನಂತೆ ನುಡಿಸಿದವರೇ ಅಲ್ಲ. ಆಂಪ್ಲಿಫೈಯರ್ ಹರಿದುಹೋಗುವಂತೆ ಏರಿಸಿ ಗಿಟಾರಿನಂತೆ ಸ್ವರಗುಚ್ಛಗಳನ್ನು ಬಾರಿಸಿದರು. ಹೆಚ್ಚು ಹೇಳುವುದಕ್ಕೇನಿಲ್ಲ, ಕೇಳಬೇಕು.

ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ (1986) ಎಲ್ಲಿ ಎಂದು ಕೇಳುವವರಿದ್ದಾರೆ. ಇಡೀ ಆಲ್ಬಂ ಸುಮಾರು 29 ನಿಮಿಷ. ಕ್ಯಾಸೆಟ್‌ನ ಎರಡು ಬದಿಗೂ ಅದನ್ನೇ ಪೂರ್ತಿ ತುಂಬಿದ್ದರು. ಅದರಲ್ಲಿ ಬೇಸ್ ಗಿಟಾರ್‌ಗಳಡಿ ಹೂತುಹೋಗಿದೆ, ಹಾಗಾಗಿ ನನ್ನ ಅಳತೆಯಲ್ಲಿ ಅದಕ್ಕೆ ಜಾಗವಿಲ್ಲ. ಆದರೂ ಈ ಐದರಲ್ಲಿ ಮೂರು ಆಲ್ಬಂಗಳಿಗಿಂತ ಹೆಚ್ಚು ಸಲ ಅದನ್ನೇ ಕೇಳಿದ್ದೇನೆ.

ಕೊನೆಗೆ ಮೆಟಾಲಿಕಾದ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ (1988). ಬರ್ಟನ್ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಮಿಕ್ಸಿಂಗ್‌ನಲ್ಲಿ (ವಾದ್ಯಗಳ ಧ್ವನಿಮಟ್ಟ ಹೊಂದಿಸಿ ಬೆರೆಸುವಾಗ) ಬಹುತೇಕ ಕೇಳಿಸದಷ್ಟು ತಗ್ಗಿಹೋಗಿದೆ. ಹಾಡುಗಳು ಅದ್ಭುತ. ಅಭಿಮಾನಿಗಳು ಬೇಸ್ ಏರಿಸಿ ತಾವೇ ಮಾಡಿಕೊಂಡ ಆವೃತ್ತಿಗಳು ಅಂತರ್ಜಾಲದಲ್ಲಿವೆ. ನಾನು ಕೇಳುವುದು ಅವುಗಳಲ್ಲೊಂದನ್ನು; ಅದನ್ನು ಪಟ್ಟಿಗೆ ಸೇರಿಸಿದರೆ ಮೋಸವಾಗುತ್ತದೆ ಎಂದು ಬಿಟ್ಟಿದ್ದೇನೆ.