ಡಿಸೆಂಬರ್‌ನಲ್ಲಿ ಫಿಶ್ ರಿವರ್ ಕ್ಯಾನ್ಯನ್ ಟ್ರೆಕ್ ಆಗತ್ತಾ ಅಂದ್ರೆ...

ಗುರು, ಕ್ರಿಸ್‌ಮಸ್ ರಜೆಗೆ ನೀವೂ ನಿಮ್ಮ ಹೆಂಡ್ತಿನೂ ನಮೀಬಿಯಾಗೆ ಹೋಗಿ ಫಿಶ್ ರಿವರ್ ಕ್ಯಾನ್ಯನ್ ಅನ್ನೋ ಆ ಆಳವಾದ ನದಿ ಕಣಿವೇಲಿ ನಡೀಬಹುದಾ ಅಂತ ಕೇಳಿದೀರಲ್ಲ, ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ತಾನೆ? ಆ ಟ್ರೇಲ್ ತೆರೆಯೋದೇ ಮೇ 1ರಿಂದ ಸೆಪ್ಟೆಂಬರ್ 15ರವರೆಗೆ. ಡಿಸೆಂಬರ್ ಅಂದ್ರೆ ಅಲ್ಲಿ ಕಡು ಬೇಸಿಗೆ, ಕಣಿವೆ ತಳದಲ್ಲಿ 40 ಡಿಗ್ರಿ ದಾಟತ್ತೆ, ಬಿಡೋದೇ ಇಲ್ಲ. ಇನ್ನೊಂದು, ಇಬ್ಬರೇ ಆದ್ರೂ ಬಿಡಲ್ಲ, ಕನಿಷ್ಠ 3 ಜನ ಇರ್ಬೇಕು, ಜೊತೆಗೆ ಡಾಕ್ಟರ್ ಸರ್ಟಿಫಿಕೇಟೂ ಕೇಳ್ತಾರೆ.

ನಾವು ನಾಲ್ಕು ಜನ ಜೂನ್‌ನಲ್ಲಿ ಹೋಗಿದ್ವಿ. ಟ್ರೇಲ್ ಶುರುವಾಗೋ ಹೋಬಾಸ್ ಕಡೆಯಿಂದ ಇಳಿದ್ರೆ ಅದು ಮುಗಿಯೋ ಆಯ್-ಆಯ್ಸ್‌ವರೆಗೂ ಸುಮಾರು 85 ಕಿಲೋಮೀಟರ್, ಐದು ದಿನ ಇಟ್ಕೊಳ್ಳಿ, ನಾಲ್ಕಕ್ಕೆ ಮುಗಿಸ್ತೀವಿ ಅನ್ನೋ ಜಂಬ ನಮಗೂ ಇತ್ತು, ಮೊದಲನೇ ದಿನ ಆ ಇಳಿಜಾರಲ್ಲಿ ಚೈನ್ ಹಿಡ್ಕೊಂಡು ಇಳಿದು ಆಮೇಲೆ ಬಂಡೆ ಮರಳು ಬಂಡೆ ಮರಳು ಅಂತ ನಡೆದ್ಮೇಲೆ ಮೊಣಕಾಲೇ ಉತ್ತರ ಕೊಡ್ತು. ಕುಮಾರ ಪರ್ವತ ಹತ್ತಿದೀನಿ ಅನ್ನೋ ಧೈರ್ಯ ಸಾಲಲ್ಲ, ಇಲ್ಲಿ ಮಧ್ಯದಲ್ಲಿ ಭಟ್ಟರ ಮನೆ ಊಟ ಇಲ್ಲ, ಐದು ದಿನದ ಅಕ್ಕಿ ಬೇಳೆ ನಿಮ್ಮ ಬೆನ್ನ ಮೇಲೇ! ನೀರು ನದಿದೇ, ಶುದ್ಧ ಮಾಡೋ ಮಾತ್ರೆ ಮರೀಬೇಡಿ. ಕೊನೇಲಿ ಆಯ್-ಆಯ್ಸ್ ಬಿಸಿನೀರಿನ ಬುಗ್ಗೆ, ಅದೊಂದು ಸುಖ.

ಡಿಸೆಂಬರೇ ಬೇಕು ಅಂದ್ರೆ ದಕ್ಷಿಣ ಆಫ್ರಿಕಾದ ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲು ನೋಡಿ, ಸೆಂಟಿನೆಲ್ ಶಿಖರದ ಕಡೆಯಿಂದ ಟುಗೆಲಾ ಫಾಲ್ಸ್ ತಲೆಗೆ ಒಂದೇ ದಿನದಲ್ಲಿ ಹೋಗಿ ಬರ್ಬಹುದು. ಆದ್ರೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ, ದಾರೀಲಿ ಕಬ್ಬಿಣದ ಏಣಿ ಬೇರೆ ಇದೆ, ಬೆಳಕು ಹರಿಯೋ ಹೊತ್ತಿಗೇ ಹೊರಡಿ.